ದನಿ ಉಳಿಸಿ ಮಾತು ಅಳಿಸುವುದು

ಮುದ್ರಿಸಿದ ಧ್ವನಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಎಂಬುದು ಕೇಳುವವರಿಗೆ ಗೊತ್ತಾಗಬೇಕು, ಏನು ಹೇಳುತ್ತಿದ್ದಾರೆ ಎಂಬುದು ಮಾತ್ರ ತಿಳಿಯಬಾರದು. ಇಂಥ ಬೇಡಿಕೆ ಹಲವು ಕಡೆಯಿಂದ ಬರುತ್ತದೆ. ಸಿನಿಮಾದಲ್ಲಿ ಪಕ್ಕದ ಮನೆಯ ಜಗಳ ಗೋಡೆಯಾಚೆಯಿಂದ ಕೇಳಿಸಬೇಕಾಗುತ್ತದೆ. ಸಂಗೀತ ಸಂಯೋಜಕನಿಗೆ ಕೊರಳಿನ ಬಣ್ಣ ಬೇಕು, ಸಾಹಿತ್ಯ ಬೇಡ. ಮನಶ್ಶಾಸ್ತ್ರಜ್ಞರು ಮಾತಿನ ಧಾಟಿಯನ್ನು ಅದರ ಅರ್ಥದಿಂದ ಬಿಡಿಸಿ ಅಳೆಯಬಯಸುತ್ತಾರೆ. ಶ್ರವಣ ಸಾಧನ ತಯಾರಿಸುವವರಿಗೆ ಯಾವ ಭಾಷೆಗೂ ಸೇರದ ಮಾತು ಬೇಕು. ಹಕ್ಕಿಗಳ ಕೂಗಿಗೆಂದು ಕಾಡಿನ ಮರಕ್ಕೆ ರೆಕಾರ್ಡರ್ ಕಟ್ಟಿ ಬಂದವರಿಗೆ ದಾರಿಹೋಕರ ಖಾಸಗಿ ಮಾತು ಬೇಡದ ಹೊರೆ. ಇವರೆಲ್ಲ ಕೈಹಾಕುವುದು ಸ್ಟುಡಿಯೋದ ಎಫೆಕ್ಟ್‌ಗಳಿಗೇ. ಹಾಗೆ ಕೈಹಾಕಿದವರಿಗೆ ಮೊದಲು ಎದುರಾಗುವ ಸಂಗತಿಯೆಂದರೆ, ಮಾತು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕಿವಿಗೆ ಕರ್ಕಶವಾಗಿ ಕೇಳಿಸುವ ಒರಟು ಎಫೆಕ್ಟ್‌ಗಳ ಅಡಿಯಲ್ಲೂ ಪದಗಳು ಬದುಕಿಕೊಳ್ಳುತ್ತವೆ. ಮೆತ್ತಗೆ, ಹಿತವಾಗಿ ಕೇಳಿಸುವ ಕೆಲವು ಎಫೆಕ್ಟ್‌ಗಳು ಅವನ್ನು ಪೂರ್ತಿ ನುಂಗಿಬಿಡುತ್ತವೆ.

ಕಾರಣ ಮಾತಿನ ಕಟ್ಟಡದಲ್ಲೇ ಇದೆ. ಗಂಡಸರ ಧ್ವನಿತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 150 ಸಲ ಕಂಪಿಸುತ್ತವೆ, ಹೆಂಗಸರವು 200ರ ಆಸುಪಾಸಿನಲ್ಲಿ. ದನಿಯ ಶ್ರುತಿ ಹುಟ್ಟುವುದು ಈ ಕಂಪನದಿಂದ. ಸಿಟ್ಟು, ದಣಿವು, ಪ್ರಶ್ನೆ, ವ್ಯಂಗ್ಯಗಳಲ್ಲಿ ಬಹಳಷ್ಟು ಈ ಶ್ರುತಿಯ ಏರಿಳಿತದಲ್ಲಿ ಸಿಗುತ್ತದೆ. ಪದಗಳು ಇರುವುದು ಬೇರೆ ಕಡೆ. ನಾಲಗೆ, ತುಟಿ, ದವಡೆಗಳು ಜಾಗ ಬದಲಿಸಿದಂತೆ ಗಂಟಲಿನಿಂದ ತುಟಿಯವರೆಗಿನ ಪೊಳ್ಳಿನ ಆಕಾರ ಬದಲಾಗಿ, ಅದು ಕೆಲವು ಆವರ್ತನಗಳನ್ನು ಎತ್ತಿಕೊಡುತ್ತದೆ. ಈ ಉಬ್ಬುಗಳಿಗೆ ಫಾರ್ಮಂಟ್ ಎಂದು ಹೆಸರು. ಮೊದಲ ಫಾರ್ಮಂಟ್ ಸುಮಾರು 300ರಿಂದ 800 ಹರ್ಟ್ಸ್ ನಡುವೆ ಓಡಾಡುತ್ತದೆ, ಎರಡನೆಯದು 800ರಿಂದ 2500ರ ನಡುವೆ. ಈ, ಆ, ಊ ಎಂಬ ಸ್ವರಗಳು ಬೇರೆಬೇರೆಯಾಗಿ ಕೇಳಿಸುವುದು ಮುಖ್ಯವಾಗಿ ಈ ಎರಡರ ನೆಲೆಯಿಂದ. ವ್ಯಂಜನಗಳ ಗುರುತು ಇನ್ನೂ ಮೇಲೆ, ಇನ್ನೂ ಕ್ಷೀಣವಾಗಿ, ಇನ್ನೂ ಚುಟುಕಾಗಿ ಇರುತ್ತದೆ. ಸಕಾರದ ಸೀಟಿಯಂಥ ಸದ್ದಿನ ಬಲ ಬಹುಮಟ್ಟಿಗೆ 4000 ಹರ್ಟ್ಸ್‌ನ ಆಚೆಗಿದೆ. ಹೀಗೆ ಮಾತಿನ ಶಕ್ತಿಯ ಬಹುಪಾಲು ತಗ್ಗಿನ ಸ್ವರಗಳಲ್ಲಿ, ಅರ್ಥದ ಬಹುಪಾಲು ಬಲಹೀನವಾದ ವ್ಯಂಜನಗಳಲ್ಲಿ ಹಂಚಿಹೋಗಿದೆ.

ಈ ಹಂಚಿಕೆಯನ್ನು ಅಳೆದವರು ಟೆಲಿಫೋನಿನವರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ಅರ್ಥವಿಲ್ಲದ ಬಿಡಿ ಅಕ್ಷರಗಳನ್ನು ಓದಿಸಿ, ಫಿಲ್ಟರ್‌ಗಳ ಮೂಲಕ ಹಾಯಿಸಿ, ಕೇಳುಗರು ಎಷ್ಟನ್ನು ಸರಿಯಾಗಿ ಬರೆದುಕೊಂಡರೆಂದು ಎಣಿಸುತ್ತ ಹೋದರು. ಆ ದೀರ್ಘ ಕೆಲಸದ ಫಲಿತವನ್ನು ಫ್ರೆಂಚ್ ಮತ್ತು ಸ್ಟೈನ್‌ಬರ್ಗ್ 1947ರಲ್ಲಿ ಪ್ರಕಟಿಸಿದರು. ಮಾತನ್ನು ಸುಮಾರು 1900 ಹರ್ಟ್ಸ್‌ನ ಬಳಿ ಎರಡಾಗಿ ಸೀಳಿದರೆ, ಕೆಳಗಿನ ತುಂಡನ್ನಷ್ಟೇ ಕೇಳಿದವರಿಗೂ ಮೇಲಿನದನ್ನಷ್ಟೇ ಕೇಳಿದವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಅಕ್ಷರಗಳು ತಿಳಿಯುತ್ತವೆ. ಯಾವ ತುಂಡೂ ಒಂಟಿಯಾಗಿ ಅನಿವಾರ್ಯವಲ್ಲ. 300ರಿಂದ 3400 ಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲೇ ಟೆಲಿಫೋನ್ ಒಂದು ಶತಮಾನ ಸಂಸಾರ ನಡೆಸಿದ್ದು ಈ ಧಾರಾಳದ ಬಲದಿಂದ. ಒಂದೇ ಸುದ್ದಿಯನ್ನು ಮಾತು ಹಲವು ಕಡೆ, ಹಲವು ಬಗೆಯಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಅಳಿಸಬೇಕೆನ್ನುವವರು ಎಲ್ಲ ಕಡೆಯೂ ಅಳಿಸಬೇಕಾಗುತ್ತದೆ.

ಕನ್ನಡದ ಮಟ್ಟಿಗೆ ಇದನ್ನು ಕತೆ, ಕತ್ತೆ, ಕಟ್ಟೆ ಎಂಬ ಮೂರು ಪದಗಳಲ್ಲಿ ನೋಡಬಹುದು. ಕತೆಗೂ ಕತ್ತೆಗೂ ಇರುವ ಅಂತರ ಮುಖ್ಯವಾಗಿ ಕಾಲದ್ದು. ಒತ್ತಕ್ಷರದಲ್ಲಿ ನಾಲಗೆ ಹಲ್ಲಿಗೆ ಒತ್ತಿ ನಿಂತ ಮೌನ ಹೆಚ್ಚು ಹೊತ್ತು ಉಳಿಯುತ್ತದೆ. ಕತ್ತೆಗೂ ಕಟ್ಟೆಗೂ ಇರುವ ಅಂತರ ಆವರ್ತನದ್ದು. ನಾಲಗೆ ಹಿಂದಕ್ಕೆ ಮಡಿಚಿದಾಗ ಮೂರನೆಯ ಫಾರ್ಮಂಟ್ ಕೆಳಗೆ ಬಾಗುತ್ತದೆ, ನಾಲಗೆ ಬಿಟ್ಟಾಗಿನ ಸಣ್ಣ ಸಿಡಿತದ ಬಣ್ಣವೂ ಬದಲಾಗುತ್ತದೆ. ಮೇಲಿನ ಆವರ್ತನಗಳನ್ನು ಕತ್ತರಿಸುವ ಎಫೆಕ್ಟ್ ಕತ್ತೆ–ಕಟ್ಟೆಗಳನ್ನು ಒಂದು ಮಾಡುತ್ತದೆ, ಕತೆಯನ್ನು ಬೇರೆಯಾಗಿಯೇ ಉಳಿಸುತ್ತದೆ. ಅನುರಣನ ಹೆಚ್ಚಿಸುವ ಎಫೆಕ್ಟ್ ಆ ಮೌನವನ್ನು ತುಂಬಿ ಕತೆ–ಕತ್ತೆಗಳನ್ನು ಕಲಸಲು ನೋಡುತ್ತದೆ. ಬಳೆ–ಬಾಳೆ, ಹಳಿ–ಹಳ್ಳಿಗಳಂತೆ ಹ್ರಸ್ವ–ದೀರ್ಘ ಹಾಗೂ ಒತ್ತುಗಳ ಮೇಲೆ ಇಷ್ಟೊಂದು ಭಾರ ಹಾಕಿರುವ ಭಾಷೆಯಲ್ಲಿ ಕಾಲವನ್ನು ಮುಟ್ಟದ ಎಫೆಕ್ಟ್ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು.

ಸೋಲುವ ಎಫೆಕ್ಟ್‌ಗಳಲ್ಲಿ ಮೊದಲನೆಯದು ಡಿಸ್ಟಾರ್ಷನ್. ಧ್ವನಿ ಅಲೆಯ ತಲೆಗಳನ್ನು ಕತ್ತರಿಸಿ ಚಪ್ಪಟೆ ಮಾಡುವುದು ಇದರ ರೀತಿ. ಗಿಟಾರಿಗೆ ಹಾಕಿದರೆ ರಾಕ್ ಸಂಗೀತ, ದನಿಗೆ ಹಾಕಿದರೆ ಹಾಳು ಮೈಕಿನ ಗರಗರ. ಲಿಕ್‌ಲೈಡರ್ ಮತ್ತು ಪೊಲ್ಯಾಕ್ 1948ರಲ್ಲಿ ಇದನ್ನು ಕೊನೆಯವರೆಗೂ ಎಳೆದು ನೋಡಿದರು. ಅಲೆ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಬಿಟ್ಟರೆ ಬೇರೇನೂ ಉಳಿಯದಷ್ಟು ಕತ್ತರಿಸಿದರೂ ಕೇಳುಗರು ಪದಗಳನ್ನು ಬಹುಮಟ್ಟಿಗೆ ಹಿಡಿದರು. ಅಲೆ ಸೊನ್ನೆಯನ್ನು ದಾಟುವ ಕ್ಷಣಗಳಲ್ಲೇ ಸಾಕಷ್ಟು ಗುರುತು ಇತ್ತು. ಕತ್ತರಿಸುವ ಮೊದಲು ತಗ್ಗಿನ ಆವರ್ತನಗಳನ್ನು ಇಳಿಸಿದಾಗ ಫಲಿತಾಂಶ ಇನ್ನೂ ಉತ್ತಮವಾಯಿತು. ಗದ್ದಲದ ವಿಮಾನದಿಂದ ಮಾತಾಡುವ ರೇಡಿಯೋಗಳಲ್ಲಿ ಇದೇ ಉಪಾಯ ಮಾತನ್ನು ಕಾಪಾಡಲು ಬಳಕೆಯಾಯಿತು. ಮಾತು ಮರೆಸಲೆಂದು ಡಿಸ್ಟಾರ್ಷನ್ ಹಾಕುವವರು ಹಲವು ವೇಳೆ ವ್ಯಂಜನಗಳಿಗೆ ಬಲ ಕೊಟ್ಟು ಕೂರುತ್ತಾರೆ.

ವೊಕೋಡರ್ ಎರಡನೆಯದು. 1930ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ ಈ ಯಂತ್ರ ಮಾತನ್ನು ಕೆಲವೇ ಆವರ್ತನ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿಯೊಂದರ ಏರಿಳಿತವನ್ನು ಮಾತ್ರ ದಾಟಿಸಿ, ಇನ್ನೊಂದು ತುದಿಯಲ್ಲಿ ಕೃತಕ ಧ್ವನಿಗೆ ಆ ಏರಿಳಿತವನ್ನು ತೊಡಿಸುತ್ತದೆ. ಮನುಷ್ಯನ ಕೊರಳು ಅಲ್ಲಿ ಇರುವುದೇ ಇಲ್ಲ, ಮಾತು ಮಾತ್ರ ಇರುತ್ತದೆ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ 1974ರ ‘ಆಟೊಬಾನ್’ ಆಲ್ಬಂನಲ್ಲಿ ಇದೇ ಯಂತ್ರದಿಂದ ದನಿಯನ್ನು ಯಂತ್ರಮಾನವನದಾಗಿಸಿತು. ಎಷ್ಟು ಕಡಿಮೆ ಪಟ್ಟಿಗಳಿದ್ದರೆ ಸಾಕೆಂಬ ಪ್ರಶ್ನೆಗೆ ರಾಬರ್ಟ್ ಶ್ಯಾನನ್ ಮತ್ತು ಸಂಗಡಿಗರು 1995ರಲ್ಲಿ ಉತ್ತರ ಕೊಟ್ಟರು. ಮೂರೋ ನಾಲ್ಕೋ ಪಟ್ಟಿಗಳ ಏರಿಳಿತವನ್ನು ಬರೀ ಭುಸುಗುಡುವ ಸದ್ದಿಗೆ ತೊಡಿಸಿದರೂ, ಸ್ವಲ್ಪ ಅಭ್ಯಾಸವಾದ ಕೇಳುಗರಿಗೆ ಸರಳ ವಾಕ್ಯಗಳು ತಿಳಿಯುತ್ತವೆ. ಕೆಲವೇ ವಿದ್ಯುದ್ವಾರಗಳಿರುವ ಕಾಕ್ಲಿಯರ್ ಇಂಪ್ಲಾಂಟ್ ಕಿವುಡರಿಗೆ ಮಾತು ಕೇಳಿಸುವುದು ಈ ಕಾರಣದಿಂದಲೇ. ಅದಕ್ಕೂ ಮೊದಲು, 1981ರಲ್ಲಿ, ರೆಮೆಜ್, ರೂಬಿನ್ ಮೊದಲಾದವರು ಮಾತನ್ನೆಲ್ಲ ಕಳಚಿ ಫಾರ್ಮಂಟ್‌ಗಳ ಜಾಡು ಹಿಡಿದ ಮೂರು ಶುದ್ಧ ಸೀಟಿಗಳನ್ನಷ್ಟೇ ಉಳಿಸಿದ್ದರು. ಗೊತ್ತಿಲ್ಲದವರಿಗೆ ಅದು ಯಾವುದೋ ವಿಚಿತ್ರ ಸಿಳ್ಳು. ಇದು ಮಾತು ಎಂದು ಹೇಳಿದ ಮೇಲೆ ಹಲವರಿಗೆ ವಾಕ್ಯವೇ ಕೇಳಿಸತೊಡಗಿತು.

ಪಿಚ್ ಶಿಫ್ಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶ್ರುತಿ ಏರಿಸಿದರೂ ಇಳಿಸಿದರೂ ಪದಗಳು ತಮ್ಮ ಪಾಡಿಗೆ ಇರುತ್ತವೆ. ಮಿತಿ ಮೀರಿ ಏರಿಳಿಸಿದಾಗ ಮಾತ್ರ ಫಾರ್ಮಂಟ್‌ಗಳೂ ಜೊತೆಗೆ ತೀರಾ ದೂರ ಎಳೆದುಹೋಗಿ ಸ್ವರಗಳು ಕೆಡುತ್ತವೆ. ಆಟೊ ಟ್ಯೂನ್ ಕೂಡ ಇದೇ ಜಾತಿಯದು.

ಮಾತನ್ನು ತುಂಡು ತುಂಡಾಗಿ ಕತ್ತರಿಸಿ ನಡುನಡುವೆ ಮೌನ ಇಡುವುದು ಮತ್ತೊಂದು ಉಪಾಯ. 1950ರಲ್ಲಿ ಮಿಲ್ಲರ್ ಮತ್ತು ಲಿಕ್‌ಲೈಡರ್ ಇದನ್ನು ಪರೀಕ್ಷಿಸಿದರು. ಸೆಕೆಂಡಿಗೆ ಹತ್ತಾರು ಸಲ ಮಾತನ್ನು ನಿಲ್ಲಿಸಿ ಹಚ್ಚಿದರೆ, ಒಟ್ಟು ಹೊತ್ತಿನ ಅರ್ಧ ಮೌನವಾಗಿದ್ದರೂ ಪದಗಳು ಚೆನ್ನಾಗಿ ತಿಳಿಯುತ್ತವೆ. ಆ ಮೌನಗಳಿಗೆ ಗದ್ದಲ ತುಂಬಿದಾಗ ಇನ್ನೊಂದು ಚಮತ್ಕಾರ ಕಂಡಿತು. ಕಡಿದ ಮಾತು ಕಡಿದಂತೆಯೇ ಕೇಳಿಸಲಿಲ್ಲ. ಕಂಬಿಬೇಲಿಯ ಆಚೆಗಿನ ಹೊಲ ಅಖಂಡವಾಗಿ ಕಾಣುವಂತೆ ಗದ್ದಲದ ಹಿಂದೆ ಮಾತು ಮುಂದುವರಿದಂತೆ ಅನ್ನಿಸಿತು. 1970ರಲ್ಲಿ ರಿಚರ್ಡ್ ವಾರನ್ ಒಂದು ವಾಕ್ಯದಿಂದ ಒಂದೇ ಒಂದು ಸಕಾರವನ್ನು ಕಿತ್ತು ಅಲ್ಲಿ ಕೆಮ್ಮು ಕೂರಿಸಿದ. ಕೇಳುಗರಿಗೆ ಸಕಾರ ಕೇಳಿಸಿತು. ಕೆಮ್ಮು ಎಲ್ಲಿ ಬಂತೆಂದು ಹೇಳಲು ಅವರಿಗೆ ಆಗಲಿಲ್ಲ.

ಟಿ.ವಿ.ಯ ಬೀಪ್ ಸದ್ದು ಇಷ್ಟು ದುರ್ಬಲವಾಗಿರುವುದು ಇದೇ ಕಾರಣಕ್ಕೆ. ಸಾಮಾನ್ಯವಾಗಿ 1000 ಹರ್ಟ್ಸ್‌ನ ಒಂದು ಶುದ್ಧ ನಾದವನ್ನು ಬೈಗುಳದ ಮೇಲೆ ಕೂರಿಸುತ್ತಾರೆ. ಎಡಿಟರ್ ಕೈ ಸ್ವಲ್ಪ ತಡವಾದರೆ ಪದದ ಮೊದಲ ವ್ಯಂಜನ ಹೊರಗುಳಿಯುತ್ತದೆ, ಸ್ವಲ್ಪ ಬೇಗ ಎತ್ತಿದರೆ ಕೊನೆಯ ಸ್ವರ. ಆ ಎರಡರ ನಡುವಿನದನ್ನು ವಾಕ್ಯದ ಸಂದರ್ಭವೇ ತುಂಬಿಕೊಡುತ್ತದೆ, ತುಟಿ ಕಾಣುತ್ತಿದ್ದರಂತೂ ಮುಗಿದೇ ಹೋಯಿತು. ಸಂಭಾಷಣೆಯನ್ನು ಬೀಪ್ ಮಾಡುವ ಬದಲು ಮ್ಯೂಟ್ ಮಾಡಿದಾಗಲೂ ಪ್ರೇಕ್ಷಕ ಅದನ್ನು ಬಾಯಿ ಬಿಟ್ಟು ಹೇಳಿಯೇ ಹೇಳುತ್ತಾನೆ. ಇಲ್ಲಿ ಮರೆಸಿದ್ದು ಪದವನ್ನಲ್ಲ, ಮರೆಸಿದ್ದೇವೆ ಎಂಬ ಸಂಗತಿಯನ್ನು ಸಾರಿದ್ದು ಅಷ್ಟೇ. ಸೆನ್ಸಾರಿಗೆ ಬಹುಶಃ ಅಷ್ಟು ಸಾಕು.

ನಿಜವಾಗಿ ಕೆಲಸ ಮಾಡುವ ಎಫೆಕ್ಟ್‌ಗಳು ಸದ್ದುಗದ್ದಲವಿಲ್ಲದವು. ಅವುಗಳಲ್ಲಿ ಲೋ ಪಾಸ್ ಫಿಲ್ಟರ್ ಅತ್ಯಂತ ಹಳೆಯದು, ಅತ್ಯಂತ ನಂಬಿಕಸ್ಥ. ಸುಮಾರು 400 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಕಡಿದಾಗಿ ಕತ್ತರಿಸಿದರೆ ವ್ಯಂಜನಗಳು ಹೋಗುತ್ತವೆ, ಎರಡನೆಯ ಫಾರ್ಮಂಟ್ ಹೋಗುತ್ತದೆ, ಶ್ರುತಿ ಮತ್ತು ಲಯ ಉಳಿಯುತ್ತವೆ. ಗೋಡೆಯಾಚೆಯ ಮಾತು ಕೇಳಿಸುವುದೂ ಹೀಗೆಯೇ, ಏಕೆಂದರೆ ಗೋಡೆ ತಗ್ಗಿನ ಸದ್ದನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಎತ್ತರದ ಸದ್ದನ್ನು ತಡೆಯುತ್ತದೆ. ಆದ್ದರಿಂದ ಸಿನಿಮಾದ ಕಿವಿಗೆ ಇದು ಎಫೆಕ್ಟ್ ಎಂದೇ ಅನ್ನಿಸುವುದಿಲ್ಲ. ಫಿಲ್ಟರಿನ ಇಳಿಜಾರು ಕಡಿದಾಗಿರುವುದು ಇಲ್ಲಿ ಮುಖ್ಯ. ಮೆಲ್ಲಗೆ ಇಳಿಯುವ ಅಗ್ಗದ ಫಿಲ್ಟರ್ ಹಾಕಿದರೆ ಮೇಲಿನ ಆವರ್ತನಗಳು ಕ್ಷೀಣವಾಗಿ ಉಳಿದುಕೊಂಡು, ಕೇಳುಗ ವಾಲ್ಯೂಮ್ ಏರಿಸಿದರೆ ಪದಗಳು ಮೇಲೆದ್ದು ಬರುತ್ತವೆ.

ಮನಶ್ಶಾಸ್ತ್ರಜ್ಞರು ಈ ಫಿಲ್ಟರನ್ನು ಚೆನ್ನಾಗಿ ದುಡಿಸಿಕೊಂಡಿದ್ದಾರೆ. ನಳಿನಿ ಅಂಬಾಡಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸಕರು ರೋಗಿಗಳೊಡನೆ ಆಡಿದ ಮಾತಿನ ಹತ್ತು ಸೆಕೆಂಡುಗಳ ತುಣುಕುಗಳನ್ನು ಹೀಗೆ ಫಿಲ್ಟರ್ ಮಾಡಿ, ಪದ ತಿಳಿಯದ ಕೇಳುಗರಿಂದ ಧಾಟಿಗೆ ಅಂಕ ಹಾಕಿಸಲಾಯಿತು. ದನಿಯಲ್ಲಿ ದರ್ಪ ಹೆಚ್ಚೆಂದು ಅಂಕ ಪಡೆದವರಲ್ಲಿ ನಿರ್ಲಕ್ಷ್ಯದ ಮೊಕದ್ದಮೆ ಎದುರಿಸಿದ್ದವರು ಹೆಚ್ಚಾಗಿದ್ದರು. ಕೇರಳ ಮೂಲದ, ಅಮೆರಿಕದಲ್ಲಿ ಕಲಿಸಿದ ಅಂಬಾಡಿಯವರ ಈ ಪುಟ್ಟ ಪ್ರಯೋಗ ವೈದ್ಯಕೀಯ ಶಿಕ್ಷಣದ ಚರ್ಚೆಗಳಲ್ಲಿ ಹೆಸರಾಯಿತು. ಇದಕ್ಕೂ ಮೊದಲು, 1988ರಲ್ಲಿ, ಜಾಕ್ ಮೆಹ್ಲರ್ ತಂಡ ನಾಲ್ಕು ದಿನದ ಫ್ರೆಂಚ್ ಶಿಶುಗಳಿಗೆ ಫ್ರೆಂಚ್ ಮತ್ತು ರಷ್ಯನ್ ಮಾತು ಕೇಳಿಸಿತ್ತು. ಫಿಲ್ಟರ್ ಮಾಡಿದ ಮೇಲೂ ಶಿಶುಗಳು ಎರಡನ್ನೂ ಬೇರ್ಪಡಿಸಿದವು. ಗರ್ಭದಲ್ಲಿರುವಾಗ ಅವು ತಾಯ್ನುಡಿಯನ್ನು ಕೇಳಿದ್ದು ಇಂಥದ್ದೇ ಒಂದು ಫಿಲ್ಟರಿನ ಮೂಲಕ.

ಅನುರಣನದ, ಅಂದರೆ ರಿವರ್ಬ್‌ನ, ಕೆಲಸ ಬೇರೆ ಬಗೆಯದು. ಅದು ಯಾವ ಆವರ್ತನವನ್ನೂ ತೆಗೆಯುವುದಿಲ್ಲ, ಕಾಲವನ್ನು ಕಲಸುತ್ತದೆ. ಸಹಜ ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಬರುತ್ತವೆ, ಪ್ರತಿ ಅಕ್ಷರಕ್ಕೂ ದನಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಈ ನಿಧಾನದ ಏರಿಳಿತವೇ ಮಾತಿನ ಅಸ್ಥಿಪಂಜರ ಎಂಬುದನ್ನು 1970ರ ದಶಕದಲ್ಲಿ ಡಚ್ ಸಂಶೋಧಕರಾದ ಹೌಟ್‌ಗಾಸ್ಟ್ ಮತ್ತು ಸ್ಟೀನೆಕೆನ್ ಲೆಕ್ಕಕ್ಕೆ ತಂದರು. ಸಭಾಂಗಣ, ರೈಲು ನಿಲ್ದಾಣಗಳಲ್ಲಿ ಮಾತು ಎಷ್ಟು ತಿಳಿಯುತ್ತದೆ ಎಂದು ಅಳೆಯುವ ಇಂದಿನ ಮಾನದಂಡ ಅವರದೇ. ಮೇಲೆ ಹೇಳಿದ ವೊಕೋಡರ್, ಸೀಟಿಮಾತುಗಳು ಸೋತದ್ದು ಈ ಏರಿಳಿತವನ್ನು ಮುಟ್ಟದೆ ಬಿಟ್ಟದ್ದರಿಂದ. ರಿವರ್ಬ್ ಕಣಿವೆಗಳನ್ನು ತುಂಬಿ ಅದನ್ನು ಸಮತಟ್ಟು ಮಾಡುತ್ತದೆ.

ವಿಜಯಪುರದ ಗೋಲಗುಮ್ಮಟ ಇದಕ್ಕೆ ಕಲ್ಲುಗಾರೆಯ ಸಾಕ್ಷಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಗುಟ್ಟುವ ಮೊಗಸಾಲೆಯ ಒಂದು ಬದಿಯಿಂದ ಹೊರಟ ಸದ್ದು ಎದುರು ಗೋಡೆಗೆ ಬಡಿದು ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಂದರೆ ಸರಿಸುಮಾರು ಒಂದು ಅಕ್ಷರದ ಕಾಲ. ಒಂದು ಚಪ್ಪಾಳೆ ತಟ್ಟಿದವರಿಗೆ ಅದು ಮತ್ತೆ ಮತ್ತೆ ಬಿಡಿಯಾಗಿ ಮರಳುತ್ತದೆ. ಸಾಲಾಗಿ ಮಾತಾಡಿದವರಿಗೆ ಮೊದಲ ಅಕ್ಷರ ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ ಬಂದು ಬೀಳುತ್ತ ಮಾತು ಗುಂಯ್‌ಗುಡುವ ರಾಶಿಯಾಗುತ್ತದೆ. ಗೋಡೆಗೆ ಬಾಯಿ ಹಚ್ಚಿ ಆಡಿದ ಪಿಸುಮಾತು ಬಾಗಿದ ಗೋಡೆಯನ್ನೇ ಹಿಡಿದು ಹರಿದು ಆಚೆ ಬದಿಗೆ ಸ್ಪಷ್ಟವಾಗಿ ತಲಪುತ್ತದೆ. ನಡುವೆ ನಿಂತು ಕೂಗಿದ್ದು ತಲಪುವುದಿಲ್ಲ. ಸ್ಟುಡಿಯೋದಲ್ಲಿ ಇದೇ ಫಲ ಬೇಕಾದರೆ ರಿವರ್ಬ್‌ನ ಅವಧಿ ಹಲವು ಸೆಕೆಂಡಿರಬೇಕು, ಮುಖ್ಯವಾಗಿ ಮೂಲ ದನಿಯನ್ನು ಮಿಶ್ರಣದಿಂದ ಪೂರ್ತಿ ತೆಗೆಯಬೇಕು. ಮೂಲ ದನಿ ಒಂದಿಷ್ಟು ಉಳಿದರೂ ಕಿವಿ ಅದನ್ನೇ ಆಯ್ದುಕೊಳ್ಳುತ್ತದೆ. ಹೊಸಬರ ಕೆಲಸ ಕೆಡುವುದು ಬಹಳ ಸಲ ಇಲ್ಲಿಯೇ.

ಅಮೆರಿಕದ ಸಂಯೋಜಕ ಆಲ್ವಿನ್ ಲೂಸಿಯರ್ 1969ರಲ್ಲಿ ಕೋಣೆಯನ್ನೇ ವಾದ್ಯ ಮಾಡಿಕೊಂಡ. ‘ಐ ಆ್ಯಮ್ ಸಿಟಿಂಗ್ ಇನ್ ಎ ರೂಮ್’ ಎಂಬ ಕೃತಿಯಲ್ಲಿ ಅವನು ತನ್ನ ಮಾತನ್ನು ಮುದ್ರಿಸಿ, ಅದನ್ನು ಅದೇ ಕೋಣೆಯಲ್ಲಿ ನುಡಿಸಿ, ನುಡಿಸಿದ್ದನ್ನು ಮತ್ತೆ ಮುದ್ರಿಸಿ, ಹೀಗೆ ಸಲಸಲವೂ ಮಾಡುತ್ತ ಹೋಗುತ್ತಾನೆ. ಪ್ರತಿ ಸಲವೂ ಕೋಣೆ ತನಗೆ ಒಗ್ಗುವ ಆವರ್ತನಗಳನ್ನು ಬೆಳೆಸಿ ಉಳಿದವನ್ನು ತಗ್ಗಿಸುತ್ತದೆ. ಕೊನೆಗೆ ಪದಗಳೆಲ್ಲ ಕರಗಿ ಗಾಜಿನಂಥ ನಾದಗಳು ಉಳಿಯುತ್ತವೆ. ಮಾತಿನ ಲಯ ಮಾತ್ರ ಆ ನಾದಗಳ ಕೆಳಗೆ ಬಹಳ ಹೊತ್ತು ಮಿಡಿಯುತ್ತದೆ. ಲೂಸಿಯರ್‌ಗೆ ಉಗ್ಗು ಇತ್ತು. ಅದು ಕ್ರಮೇಣ ಸವೆದುಹೋಗುವುದು ಈ ಕೃತಿಯ ಒಂದು ಎಳೆ. ಮಾತು ಅಳಿಸುವ ತಂತ್ರಗಳಲ್ಲಿ ಇಷ್ಟು ಸರಳವಾದದ್ದೂ ಇಷ್ಟು ಮನಮುಟ್ಟುವಂಥದ್ದೂ ಬೇರೆ ಇಲ್ಲ.

ಕಾಲವನ್ನು ಕಲಸುವ ಮತ್ತೊಂದು ದಾರಿ ಹಿಂದುಮುಂದು ಮಾಡುವುದು. ಇಡೀ ಮುದ್ರಣವನ್ನು ಉಲ್ಟಾ ನುಡಿಸಿದರೆ ಯಾವುದೋ ಪರಭಾಷೆ ಕೇಳಿದಂತಾಗುತ್ತದೆ, ಆದರೆ ಇನ್ನೊಮ್ಮೆ ಉಲ್ಟಾ ಮಾಡಿದರೆ ಗುಟ್ಟು ಬಯಲು. ತುಂಡು ತುಂಡಾಗಿ ಕತ್ತರಿಸಿ ಪ್ರತಿ ತುಂಡನ್ನೂ ಇದ್ದಲ್ಲೇ ತಿರುಗಿಸುವುದು ಇನ್ನೊಂದು ರೀತಿ. ಸಬೇರಿ ಮತ್ತು ಪೆರಟ್ 1999ರಲ್ಲಿ ತೋರಿಸಿದಂತೆ, 50 ಮಿಲಿಸೆಕೆಂಡಿನ ತುಂಡುಗಳಾದರೆ ಕೇಳುಗರಿಗೆ ತೊಂದರೆಯೇ ಆಗುವುದಿಲ್ಲ, 130ರ ಹೊತ್ತಿಗೆ ತಿಳಿಯುವುದು ಅರ್ಧಕ್ಕೆ ಇಳಿಯುತ್ತದೆ, 200ರ ಹೊತ್ತಿಗೆ ಏನೂ ಉಳಿಯುವುದಿಲ್ಲ. ಗುಮ್ಮಟದಲ್ಲಿ ಸಿಕ್ಕ ಅಳತೆಯೇ ಇಲ್ಲೂ ಸಿಗುತ್ತದೆ: ಕೆಡಿಸಬೇಕಾದ್ದು ಅಕ್ಷರದ ಪ್ರಮಾಣದ ಕಾಲವನ್ನು. ಅದಕ್ಕಿಂತ ಸಣ್ಣದನ್ನು ಕೆಡಿಸಿದರೆ ಕಿವಿ ರಿಪೇರಿ ಮಾಡಿಕೊಳ್ಳುತ್ತದೆ. ತುಂಡುಗಳನ್ನು ತಿರುಗಿಸಿದ ಮೇಲೆ ಕ್ರಮ ತಪ್ಪಿಸಿ ಕಲಸಿ, ಒಂದಿಷ್ಟನ್ನು ಎಸೆದುಬಿಟ್ಟರೆ ಮಾತು ಮತ್ತೆ ಜೋಡಣೆಯಾಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ.

ಮಾತಿಗೆ ಅತಿದೊಡ್ಡ ಶತ್ರು ಮಾತೇ. ಒಂದು ದನಿಯ ಮೇಲೆ ಇನ್ನೊಂದನ್ನು ಹಾಕಿದರೆ ಕಿವಿ ಎರಡನ್ನೂ ಬಿಡಿಸಿಕೊಳ್ಳಬಲ್ಲದು. ಮದುವೆಮನೆಯ ಗದ್ದಲದಲ್ಲಿ ಒಬ್ಬರ ಮಾತಿಗೆ ಕಿವಿಗೊಡುವ ಈ ಶಕ್ತಿಯನ್ನು ಕಾಲಿನ್ ಚೆರ್ರಿ 1953ರಲ್ಲಿ ಪ್ರಯೋಗಕ್ಕೆ ಒಳಪಡಿಸಿದ. ಆರೆಂಟು ದನಿಗಳಾದಾಗ ಒಬ್ಬರ ಕಣಿವೆಯಲ್ಲಿ ಇನ್ನೊಬ್ಬರ ಶಿಖರ ಬಂದು ಕೂರುತ್ತದೆ, ಬಿಡಿಸಿಕೊಳ್ಳಲು ಎಳೆ ಸಿಗುವುದಿಲ್ಲ. ಸಿನಿಮಾದ ಸಂತೆ, ಕೋರ್ಟು, ಬಸ್‌ನಿಲ್ದಾಣದ ದೃಶ್ಯಗಳಲ್ಲಿ ಹಿನ್ನೆಲೆಯ ಗುಜುಗುಜು ತಯಾರಾಗುವುದು ಹೀಗೆ ದನಿಯ ಮೇಲೆ ದನಿ ಪೇರಿಸಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಗದ್ದಲದ ನಡುವೆ ರೋಗಿಗೆ ಎಷ್ಟು ಕೇಳುತ್ತದೆಂದು ಪರೀಕ್ಷಿಸಲು ಹಲವು ದನಿಗಳ ಇಂಥ ಗುಜುಗುಜು ಬೇಕಾಗುತ್ತದೆ, ಅದೂ ಕನ್ನಡಿಗರಿಗೆ ಕನ್ನಡದ್ದೇ. ಅನ್ಯಭಾಷೆಯ ಗದ್ದಲಕ್ಕಿಂತ ತಿಳಿಯುವ ಭಾಷೆಯ ಗದ್ದಲ ಕೇಳುಗನನ್ನು ಹೆಚ್ಚು ಕಾಡುತ್ತದೆ.

ಮಾತನ್ನು ತುಣುಕು ಮಾಡಿ ಕಲಸುವುದು, ದನಿಯ ಮೇಲೆ ದನಿ ಪೇರಿಸುವುದು ಎಂಬ ಈ ಎರಡು ತಂತ್ರಗಳ ನಡುವೆ ನಿಂತದ್ದು ಶ್ರವಣ ಸಾಧನಗಳ ಪರೀಕ್ಷೆಗೆ ಬಳಸುವ ಅಂತರರಾಷ್ಟ್ರೀಯ ಪರೀಕ್ಷಾ ಮಾತು. ಇಂಗ್ಲಿಷ್, ಅರಬ್ಬಿ, ಚೀನೀ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಆಡುವ ಆರು ಮಹಿಳೆಯರು ಒಂದೇ ನೀತಿಕತೆಯನ್ನು ಓದಿದರು. ಅವರ ಮುದ್ರಣವನ್ನು 100ರಿಂದ 600 ಮಿಲಿಸೆಕೆಂಡಿನ ತುಣುಕುಗಳಾಗಿಸಿ, ಭಾಷೆ ಭಾಷೆಗಳನ್ನು ಬೆರೆಸಿ, ಒಬ್ಬಳೇ ಹೆಂಗಸು ನಿರಂತರ ಮಾತಾಡುತ್ತಿರುವಂತೆ ಹೊಲಿಯಲಾಯಿತು. 2010ರಲ್ಲಿ ಇದರ ವಿವರ ಪ್ರಕಟವಾಯಿತು. ಉಸಿರು, ಲಯ, ಶ್ರುತಿ, ಆವರ್ತನಗಳೆಲ್ಲ ನಿಜವಾದ ಮಾತಿನವು, ಅರ್ಥ ಮಾತ್ರ ಇಲ್ಲ. ಆರು ಭಾಷೆಗಳಲ್ಲಿ ಯಾವುದನ್ನು ಬಲ್ಲವರಿಗೂ ಅದು ತಮ್ಮದಲ್ಲದ ಭಾಷೆಯಂತೆ ಕೇಳಿಸುತ್ತದೆ.

ಸಂಯೋಜಕರು ಇದೇ ಸಲಕರಣೆಗಳನ್ನು ಬೇರೆ ಉದ್ದೇಶಕ್ಕೆ ಬಳಸಿದರು. ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ ಕಲೋನ್ ರೇಡಿಯೋದ ಸ್ಟುಡಿಯೋದಲ್ಲಿ ಕಟ್ಟಿ 1956ರಲ್ಲಿ ಕೇಳಿಸಿದ ‘ಗೆಸಾಂಗ್ ಡೆರ್ ಯೂಂಗ್ಲಿಂಗೆ’ ಕೃತಿಯಲ್ಲಿ ಬಾಲಕನೊಬ್ಬನ ದನಿ ಪೂರ್ತಿ ಸ್ಪಷ್ಟತೆಯಿಂದ ಪೂರ್ತಿ ಅಸ್ಪಷ್ಟತೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಶ್ರುತಿ, ಅವಧಿಗಳಂತೆ ತಿಳಿಯುವಿಕೆಯನ್ನೂ ಸಂಗೀತದ ಒಂದು ಅಳತೆಯಾಗಿ ಲೆಕ್ಕಹಾಕಿದ್ದು ಅಲ್ಲಿನ ಹೊಸತು. ಪಠ್ಯವಾಗಿ ಅವನು ಆರಿಸಿಕೊಂಡದ್ದು ಬೆಂಕಿಯ ಕುಲುಮೆಯಲ್ಲಿ ನಿಂತು ದೇವರನ್ನು ಕೊಂಡಾಡುವ ಮೂವರು ಯುವಕರ ಬೈಬಲ್ ಸ್ತುತಿಯನ್ನು. ಕೇಳುಗರಿಗೆ ಮೊದಲೇ ಪರಿಚಯವಿದ್ದದ್ದರಿಂದ ಚೂರುಗಳಲ್ಲೂ ಅದು ಹೊಳೆಯುತ್ತಿತ್ತು. ಸ್ಟೀವ್ ರೈಕ್ 1966ರ ‘ಕಮ್ ಔಟ್’ ಕೃತಿಯಲ್ಲಿ ಪೊಲೀಸರ ಹೊಡೆತ ತಿಂದ ಹಾರ್ಲೆಮ್ ಹುಡುಗನೊಬ್ಬನ ಹೇಳಿಕೆಯ ಒಂದು ತುಣುಕನ್ನು ಎರಡು ಟೇಪುಗಳಲ್ಲಿ ಸುತ್ತಿಸಿ ಒಂದನ್ನು ಮೆಲ್ಲಗೆ ಹಿಂದೆ ಬಿದ್ದಂತೆ ಮಾಡಿದ. ಎರಡು ದನಿ ನಾಲ್ಕಾಗಿ, ಎಂಟಾಗಿ, ಪದಗಳು ಲಯವಾಗಿ ಬದಲಾಗುತ್ತವೆ. ನ್ಯಾಯ ಕೇಳಿದ ಹೇಳಿಕೆಯನ್ನು ಹೀಗೆ ಕರಗಿಸಬಹುದೇ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಆ ಹುಡುಗನ ಮತ್ತು ಅವನೊಡನೆ ಆರೋಪಿಗಳಾದವರ ಮರುವಿಚಾರಣೆಗೆ ನಿಧಿ ಕೂಡಿಸಲೆಂದೇ ಕೃತಿ ಹುಟ್ಟಿತ್ತು ಎಂಬುದೂ ನಿಜ. ಐರ್ಲೆಂಡಿನ ಮೈ ಬ್ಲಡಿ ವ್ಯಾಲೆಂಟೈನ್ ತಂಡದ 1991ರ ‘ಲವ್‌ಲೆಸ್’ ಆಲ್ಬಂನಲ್ಲಿ ಹಾಡುವ ದನಿ ಗಿಟಾರುಗಳ ಮಟ್ಟಕ್ಕೇ ಇಳಿದು ಅವುಗಳಲ್ಲೇ ಹೂತಿದೆ. ಹೆಚ್ಚಿನ ಎಫೆಕ್ಟ್ ಬೇಕಾಗಿಲ್ಲ, ಮಿಕ್ಸಿಂಗ್‌ನಲ್ಲಿ ದನಿಯ ಮಟ್ಟ ಇಳಿಸುವುದೂ ಒಂದು ಎಫೆಕ್ಟೇ.

ಸಿನಿಮಾದಲ್ಲಿ ಈ ತಂತ್ರ ಕತೆಯ ಕೇಂದ್ರಕ್ಕೇ ಬಂದದ್ದು ಫ್ರಾನ್ಸಿಸ್ ಫೋರ್ಡ್ ಕೊಪೊಲಾನ 1974ರ ‘ದಿ ಕಾನ್ವರ್ಸೇಷನ್’ ಚಿತ್ರದಲ್ಲಿ. ಸ್ಯಾನ್‌ಫ್ರಾನ್ಸಿಸ್ಕೋದ ಚೌಕವೊಂದರಲ್ಲಿ ಕದ್ದು ಮುದ್ರಿಸಿದ ಮಾತು ಮೊದಲು ಗರಗರ ಸದ್ದಾಗಿದ್ದು, ಕದ್ದಾಲಿಕೆಯ ತಜ್ಞ ಅದನ್ನು ಪದರ ಪದರವಾಗಿ ಬಿಡಿಸುತ್ತ ಹೋಗುತ್ತಾನೆ. ಧ್ವನಿ ವಿನ್ಯಾಸ ವಾಲ್ಟರ್ ಮರ್ಚ್‌ನದು. ಪದಗಳೆಲ್ಲ ಸಿಕ್ಕಿದ ಮೇಲೂ ಒಂದು ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು ಬಿದ್ದಿದೆ ಎಂಬುದರಲ್ಲಿ ಅವನು ಮೋಸಹೋಗುತ್ತಾನೆ.

ಮರೆಸಿದ ಮಾತನ್ನು ಮರಳಿ ಪಡೆಯಬಹುದೇ ಎಂಬುದು ಸ್ಟುಡಿಯೋದಾಚೆಗೆ ಜೀವನ್ಮರಣದ ಪ್ರಶ್ನೆಯಾದದ್ದು ಎರಡನೆಯ ಮಹಾಯುದ್ಧದಲ್ಲಿ. ರೂಸ್‌ವೆಲ್ಟ್–ಚರ್ಚಿಲ್ ಮಾತುಕತೆಗೆ ಬಳಸಿದ ಎ-3 ಎಂಬ ಯಂತ್ರ ದನಿಯನ್ನು ಐದು ಆವರ್ತನ ಪಟ್ಟಿಗಳಾಗಿ ಕತ್ತರಿಸಿ, ಅದಲುಬದಲು ಮಾಡಿ, ಕೆಲವನ್ನು ತಲೆಕೆಳಗು ಮಾಡುತ್ತಿತ್ತು. ಕೇಳಿದರೆ ಬಾತುಕೋಳಿಯ ಗದ್ದಲ. ಜರ್ಮನ್ ಅಂಚೆ ಇಲಾಖೆಯ ಎಂಜಿನಿಯರುಗಳು ಆಕ್ರಮಿತ ಹಾಲೆಂಡ್‌ನ ಕೇಂದ್ರದಿಂದ ಅದನ್ನು ಬಿಡಿಸಿ ಕೇಳುತ್ತಿದ್ದರು. 1943ರಲ್ಲಿ ಬಂದ ಸಿಗ್‌ಸ್ಯಾಲಿ ಯಂತ್ರ ವೊಕೋಡರಿನಿಂದ ಮಾತನ್ನು ಅಂಕಿಗಳಾಗಿಸಿ, ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿದ ಗದ್ದಲದ ಕೀಲಿಯನ್ನು ಅದಕ್ಕೆ ಕೂಡಿಸುತ್ತಿತ್ತು. ಒಂದು ಕೀಲಿಯನ್ನು ಒಮ್ಮೆ ಮಾತ್ರ ಬಳಸುತ್ತಿದ್ದುದರಿಂದ ಶತ್ರುವಿಗೆ ಅದು ಬಿಡಿಸಲಾಗದ ಭುಸುಗಾಟ. ಐವತ್ತು ಟನ್‌ಗೂ ಮೀರಿದ ಆ ಯಂತ್ರದ ಲಂಡನ್ ಭಾಗ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿತ್ತು. ಯುದ್ಧ ಮುಗಿದ ಮೇಲೆ ಸೋವಿಯತ್ ಕಡೆ ಇದೇ ಕೆಲಸಕ್ಕೆ ಮಾಸ್ಕೋ ಬಳಿಯ ಮಾರ್ಫಿನೋದಲ್ಲಿ ಕೈದಿ ವಿಜ್ಞಾನಿಗಳನ್ನು ಕೂಡಿಹಾಕಲಾಗಿತ್ತು. ಅಲ್ಲಿ ಮಾತಿನ ಸ್ಪಷ್ಟತೆಯ ಪರೀಕ್ಷೆ ನಡೆಸಿದ ಕೈದಿಗಳಲ್ಲಿ ಒಬ್ಬರು ಅಲೆಕ್ಸಾಂಡರ್ ಸೋಲ್ಜೆನಿತ್ಸಿನ್. ಅವರ ‘ದಿ ಫಸ್ಟ್ ಸರ್ಕಲ್’ ಕಾದಂಬರಿಯ ನೆಲ ಅದೇ.

ತಲೆಕೆಳಗು ಮಾಡಿದ ಆವರ್ತನ ಯಂತ್ರಕ್ಕಷ್ಟೇ ಅಲ್ಲ, ಮನುಷ್ಯನಿಗೂ ಸೋಲುತ್ತದೆ. ಬ್ಯಾರಿ ಬ್ಲೆಸರ್ 1970ರ ಆಸುಪಾಸಿನಲ್ಲಿ ಇಂಥ ಮಾತಿನಲ್ಲೇ ಇಬ್ಬಿಬ್ಬರನ್ನು ಸಂಭಾಷಣೆಗೆ ಕೂರಿಸಿದಾಗ, ಕೆಲವು ಕಾಲದ ಅಭ್ಯಾಸದ ಮೇಲೆ ಅವರು ಅದರಲ್ಲೇ ಹರಟತೊಡಗಿದರು.

ಇಲ್ಲಿಂದ ಒಂದು ನಿಯಮ ಹೊರಡುತ್ತದೆ. ಸಾಮಗ್ರಿಯನ್ನು ಜಾಗ ಬದಲಿಸಿ ಇಡುವ ಎಫೆಕ್ಟ್‌ಗಳು ಮರೆಮಾಡುತ್ತವೆ, ಸಾಮಗ್ರಿಯನ್ನು ಎಸೆಯುವ ಎಫೆಕ್ಟ್‌ಗಳು ಅಳಿಸುತ್ತವೆ. ಉಲ್ಟಾ ಮಾಡುವುದು, ಪಿಚ್ ಬದಲಿಸುವುದು, ಆವರ್ತನ ತಿರುಗಿಸುವುದು ಮೊದಲ ಗುಂಪಿಗೆ ಸೇರುತ್ತವೆ. ಕಡಿದಾದ ಲೋ ಪಾಸ್, ತುಣುಕುಗಳನ್ನು ಕಲಸಿ ಒಂದಿಷ್ಟನ್ನು ಬಿಸಾಡುವುದು ಎರಡನೆಯದಕ್ಕೆ. ರಿವರ್ಬ್ ನಡುವಿನದು: ಕಿವಿಗೆ ಅಳಿಸಿದಂತೆ ಕಂಡರೂ ಅದನ್ನು ಭಾಗಶಃ ತೆಗೆಯುವ ಸಾಫ್ಟ್‌ವೇರ್ ಈಗ ಸಾಮಾನ್ಯ ಸ್ಟುಡಿಯೋಗಳಲ್ಲೂ ಇದೆ. ನಗರದ ಶಬ್ದಮಾಲಿನ್ಯ ಅಳೆಯುವ ಕೆಲವು ಸಾಧನಗಳು ಧ್ವನಿಯನ್ನೇ ಇಟ್ಟುಕೊಳ್ಳದೆ, ಕೆಲವು ಆವರ್ತನ ಪಟ್ಟಿಗಳ ಮಟ್ಟವನ್ನು ಸೆಕೆಂಡಿಗೆ ಕೆಲವೇ ಸಲ ಬರೆದಿಟ್ಟುಕೊಳ್ಳುವುದು ಈ ನಿಯಮ ಬಲ್ಲವರ ಜಾಣತನ. ಕದಿಯುವುದಕ್ಕೆ ಅಲ್ಲಿ ಮಾತೇ ಇರುವುದಿಲ್ಲ.

ಟಿ.ವಿ. ಸಂದರ್ಶನಗಳಲ್ಲಿ ಮುಖ ಮಬ್ಬಾಗಿಸಿ ದನಿ ಬದಲಿಸುವುದು ಇದರ ತದ್ವಿರುದ್ಧ ಕೆಲಸ: ಅಲ್ಲಿ ಮಾತು ಉಳಿಯಬೇಕು, ಆಡಿದವರು ಯಾರೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ 1988ರಿಂದ 1994ರವರೆಗೆ ಐರಿಷ್ ರಾಜಕೀಯ ಪಕ್ಷವಾದ ಶಿನ್ ಫೇನ್‌ನ ನಾಯಕರ ದನಿ ಪ್ರಸಾರಕ್ಕೆ ನಿಷೇಧವಿದ್ದಾಗ ನಟರು ಅವರ ಮಾತುಗಳನ್ನೇ ಆಡಿ ತೋರಿಸಿದರು. ಭಾರತದಲ್ಲಿ ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಯಲು ಮಾಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯಿದೆಯ 23ನೇ ಕಲಂ ತಡೆಯುತ್ತವೆ. ಸುದ್ದಿಮನೆಗಳು ಇದಕ್ಕೆಲ್ಲ ಪಿಚ್ ಶಿಫ್ಟ್ ಒಂದನ್ನೇ ನೆಚ್ಚುವುದು ಅಪಾಯಕರ. ಏರಿಸಿದಷ್ಟನ್ನೇ ಇಳಿಸಿದರೆ ಮೂಲ ದನಿ ಹತ್ತಿರ ಹತ್ತಿರ ಸಿಕ್ಕಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಡಕು ಭಾಷೆಯದು. ಕುಂದಾಪುರದ ಕನ್ನಡ, ಧಾರವಾಡದ ಕನ್ನಡ, ಚಾಮರಾಜನಗರದ ಕನ್ನಡ ಯಾವ ಶ್ರುತಿಯಲ್ಲಿ ಹಾಡಿದರೂ ಊರನ್ನು ಹೇಳಿಯೇ ಹೇಳುತ್ತವೆ. ದನಿ ಮರೆಸಿ ಮಾತನ್ನು ಇಟ್ಟರೂ ಆಡುನುಡಿಯೇ ಗುರುತಿನ ಚೀಟಿಯಾಗುವ ಕಡೆ, ಇನ್ನೊಬ್ಬರಿಂದ ಆ ಮಾತನ್ನು ಓದಿಸುವುದೇ ಸುರಕ್ಷಿತ. ಊರು, ಶಾಲೆ, ನೆಂಟರ ಹೆಸರುಗಳು ಬರುವ ತಾವಿನಲ್ಲಿ ಬೀಪ್ ಸಾಲದು. ಮೂಲ ಟ್ರ್ಯಾಕಿನಿಂದಲೇ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು.

ಮಾತು ನಿಜವಾಗಿ ಅಳಿದಿದೆಯೇ ಎಂದು ನೋಡುವ ಕೆಲಸಕ್ಕೆ ಅಳಿಸಿದವನಷ್ಟು ಅನರ್ಹ ಬೇರೊಬ್ಬನಿಲ್ಲ. ವಾಕ್ಯ ಗೊತ್ತಿರುವ ಕಿವಿಗೆ ಎಷ್ಟು ಕೆಡಿಸಿದ ಸದ್ದಿನಲ್ಲೂ ಅದೇ ವಾಕ್ಯ ಕೇಳಿಸುತ್ತದೆ, ಆದ್ದರಿಂದ ಎಡಿಟರ್ ಅನಗತ್ಯವಾಗಿ ಇನ್ನಷ್ಟು ಕೆಡಿಸುತ್ತ ಹೋಗಬಹುದು. ನೂರು ಸಲ ಕೇಳಿ ಬೇಸತ್ತು, ಏನೂ ತಿಳಿಯುತ್ತಿಲ್ಲ ಎಂದು ಬೇಗ ಕೈಬಿಡುವುದೂ ಉಂಟು. ಪರೀಕ್ಷೆಗೆ ಬೇಕಾದವರು ಮೂಲವನ್ನು ಎಂದೂ ಕೇಳದವರು, ಆ ಭಾಷೆಯನ್ನು ಮನೆಮಾತಾಗಿ ಆಡುವವರು. ಎರಡನೆಯ ಭಾಷೆಯಾಗಿ ಕಲಿತವರು ಗದ್ದಲದಲ್ಲಿ ಬೇಗ ಸೋಲುವುದರಿಂದ ಅವರ ಸೋಲು ಏನನ್ನೂ ಸಾಬೀತು ಮಾಡುವುದಿಲ್ಲ. ಪರೀಕ್ಷೆಗೆ ಆಯ್ದ ಮನೆಮಾತಿನವರಿಗೆ ಹೆಡ್‌ಫೋನ್ ಕೊಟ್ಟು, ಎಷ್ಟು ಸಲ ಬೇಕಾದರೂ ಕೇಳಲು ಬಿಟ್ಟು, ತಿಳಿದದ್ದನ್ನು ಬರೆಯಲು ಹೇಳಬೇಕು. ಬಿಡಿ ಪದಗಳ ಪಟ್ಟಿಯಿಂದ ಪರೀಕ್ಷಿಸಿ ತೃಪ್ತಿಪಡುವುದೂ ಸರಿಯಲ್ಲ. ಬಿಡಿ ಪದಗಳಲ್ಲಿ ಅರ್ಧದಷ್ಟು ತಿಳಿದರೆ ವಾಕ್ಯಗಳಲ್ಲಿ ಬಹುಪಾಲು ತಿಳಿಯುತ್ತದೆ, ಏಕೆಂದರೆ ಉಳಿದುದನ್ನು ವ್ಯಾಕರಣವೂ ಲೋಕಜ್ಞಾನವೂ ತುಂಬುತ್ತವೆ. ಕಲಾಕೃತಿಯಾದರೆ ಅಲ್ಲೊಂದು ಇಲ್ಲೊಂದು ಪದ ಹೊಳೆದುಹೋಗುವುದು ಚೆಲುವೇ. ಖಾಸಗಿ ಮಾತಾದರೆ ಕೇಳುಗರಲ್ಲಿ ಒಬ್ಬರ ಹಾಳೆಯಲ್ಲಾದರೂ ಒಂದು ಹೆಸರು, ಒಂದು ಊರು, ಒಂದು ಸಂಖ್ಯೆ ಸರಿಯಾಗಿ ಬಿದ್ದಿದ್ದರೆ ಆ ತುಣುಕನ್ನು ಮತ್ತೆ ಕತ್ತರಿಗೆ ಕೊಡಬೇಕು.